ಗೆದ್ದಾಗ ‘ನಾವು’, ಸೋತಾಗ ‘ಅವರು’

ಹಾಕಿ ಪಂದ್ಯದಲ್ಲಿ ಮೈದಾನಕ್ಕಿಳಿದು ಬೆವರು ಸುರಿಸುವವರು ಪಕ್ಷವೊಂದಕ್ಕೆ ಹನ್ನೊಂದು ಮಂದಿ. ಮೈದಾನದ ಹೊರಗೆ, ಕೆಲವು ವೇಳೆ ನೂರಾರು ಮೈಲಿಗಳಾಚೆ, ಕುರ್ಚಿಯ ತುದಿಯಲ್ಲಿ ಕುಳಿತು ಬೆವರುವವರ ಸಂಖ್ಯೆಯೋ ಲೆಕ್ಕಕ್ಕೆ ಸಿಕ್ಕುವಂಥದಲ್ಲ. ಇವರು ಚೆಂಡನ್ನು ಮುಟ್ಟುವವರಲ್ಲ, ಕೋಲನ್ನು ಹಿಡಿಯುವವರಲ್ಲ. ತಂಡ ಗೆದ್ದರೆ ಇವರಿಗೆ ಕಾಸಿನ ಲಾಭವಿಲ್ಲ, ಸೋತರೆ ಕಾಸಿನ ನಷ್ಟವೂ ಇಲ್ಲ. ಹೀಗಿದ್ದರೂ ತಂಡ ಗೆದ್ದ ರಾತ್ರಿ ಇವರಿಗೆ ಹಬ್ಬ; ಸೋತ ರಾತ್ರಿ ಊಟ ಸೇರದು. ಇದನ್ನು ಹುಚ್ಚೆಂದು ತಳ್ಳಿಹಾಕಿಬಿಡುವುದು ಸುಲಭ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ವೈದ್ಯರೂ ಮನಶ್ಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಈ ಹುಚ್ಚಿನ ನಾಡಿ ಹಿಡಿದು ನೋಡಿದ್ದಾರೆ. ಅವರು ಕಂಡುಕೊಂಡ ಸಂಗತಿಗಳು ಬಹು ಸ್ವಾರಸ್ಯವಾಗಿವೆ.

ವಿಚಾರಕ್ಕೆ ಒಬ್ಬ ಮನುಷ್ಯನ ಆಧಾರ ಬೇಕಲ್ಲವೆ? ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಒಬ್ಬ ಹಾಕಿ ಅಭಿಮಾನಿ ಇದ್ದಾನೆಂದು ಭಾವಿಸೋಣ. ಇತಿಹಾಸದ ವಿದ್ಯಾರ್ಥಿಗಳು ಬೂದಿಕೋಟೆಯನ್ನು ಹೈದರಾಲಿ ಹುಟ್ಟಿದ ಊರೆಂದು ಬಲ್ಲರು. ನಮ್ಮ ಅಭಿಮಾನಿಗೆ ಹಾಕಿಯ ಗೀಳು ಬಂದುದು ಕೋಟೆಯಿಂದಲ್ಲ, ನೆರೆಯ ಚಿನ್ನದ ಗಣಿಯಿಂದ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗಳನ್ನು ಕೈಗೆತ್ತಿಕೊಂಡ ಮೇಲೆ ಅಲ್ಲಿಗೆ ಬಂದು ನೆಲೆಸಿದ ಇಂಗ್ಲಿಷರೂ ಆಂಗ್ಲೋ-ಇಂಡಿಯನ್ ಕುಟುಂಬಗಳೂ ತಮ್ಮೊಡನೆ ತಮ್ಮ ಆಟಗಳನ್ನೂ ತಂದರು. ಗಣಿಯ ತಮಿಳು, ತೆಲುಗು, ಕನ್ನಡ ಕಾರ್ಮಿಕರ ಮಕ್ಕಳು ಆ ಆಟಗಳನ್ನು ನೋಡಿ ಕಲಿತರು. ಮೂರು ಕಿಲೋಮೀಟರಿಗಿಂತ ಹೆಚ್ಚು ಆಳದ ಚಾಂಪಿಯನ್ ರೀಫ್ ಗಣಿಯೊಳಗೆ ಪಾಳಿ ಮುಗಿಸಿ ಮೇಲೆ ಬಂದವನಿಗೆ ಬಯಲಿನ ಬಿಸಿಲಲ್ಲಿ ನಡೆಯುವ ಆಟ ಎಷ್ಟು ಹಿತವಾಗಿದ್ದೀತೆಂಬುದನ್ನು ಓದುಗರೇ ಊಹಿಸಬಹುದು. ನಮ್ಮ ಅಭಿಮಾನಿಯ ತಂದೆ ಅಂಥ ಒಬ್ಬ ಕಾರ್ಮಿಕ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ತಂದೆಯ ಕೆಲಸ ಹೋಯಿತು. ಮಗನಲ್ಲಿ ಆಟದ ಆಸೆ ಮಾತ್ರ ಉಳಿಯಿತು.

ನಾಲ್ಕು ವರ್ಷಗಳಲ್ಲಿ ಆ ಆಸೆಗೆ ಒಂದು ನೆಲೆ ಸಿಕ್ಕಿತು. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಎಂಬ ವೃತ್ತಿಪರ ಪಂದ್ಯಾವಳಿ ಹೈದರಾಬಾದಿನಲ್ಲಿ ಆರಂಭವಾಯಿತು. ಎಪ್ಪತ್ತು ನಿಮಿಷಗಳ ಆಟವನ್ನು ಎರಡು ಭಾಗಗಳಿಗೆ ಬದಲು ನಾಲ್ಕು ಭಾಗಗಳಾಗಿ ವಿಂಗಡಿಸಿ, ದೂರದರ್ಶನದ ನೋಟಕರಿಗೆ ಒಪ್ಪುವಂತೆ ಅದನ್ನು ಸಜ್ಜುಗೊಳಿಸಿದ್ದರು. ಅದರಲ್ಲಿ ಬೆಂಗಳೂರಿನದೂ ಒಂದು ತಂಡ. ಬಂಗಾರಪೇಟೆಯಿಂದ ರೈಲು ಹಿಡಿದರೆ ಬೆಂಗಳೂರು ಸುಮಾರು ಎಪ್ಪತ್ತು ಕಿಲೋಮೀಟರು. ಅಂದ ಮೇಲೆ ಅದು ನಮ್ಮವನ ತಂಡವೇ ಆಯಿತು. ಮುಂದಿನ ಕೆಲವು ವರ್ಷ ಆ ತಂಡ ಸೋಲಿನ ಕಹಿಯನ್ನೂ ಪ್ರಶಸ್ತಿಯ ಸಿಹಿಯನ್ನೂ ಉಂಡಿತು. ಅದರೊಡನೆ ಬೂದಿಕೋಟೆಯ ಒಂದು ಎದೆಯೂ ಏರಿ ಇಳಿಯಿತು.

ಎದೆ ಏರಿ ಇಳಿಯಿತೆಂಬುದು ಕವಿಯ ಮಾತಲ್ಲ, ಅಳೆಯಬಹುದಾದ ಸಂಗತಿ.

ಪೆನಾಲ್ಟಿ ಕಾರ್ನರಿನ ಎರಡು ಸೆಕೆಂಡು

ಹಾಕಿಯಲ್ಲಿ ನೋಟಕನ ಉಸಿರು ನಿಲ್ಲಿಸುವ ಗಳಿಗೆಯೆಂದರೆ ಪೆನಾಲ್ಟಿ ಕಾರ್ನರ್. ಗೋಲಿ ಮತ್ತು ಇತರ ನಾಲ್ವರು ರಕ್ಷಕರು ಗೋಲಿನ ಗೆರೆಯ ಹಿಂದೆ ನಿಂತಿರುತ್ತಾರೆ. ಎದುರು ಪಕ್ಷದವನೊಬ್ಬ ಅಂಚಿನ ಗೆರೆಯಿಂದ ಚೆಂಡನ್ನು ಹೊರಕ್ಕೆ ತಳ್ಳುತ್ತಾನೆ. ವೃತ್ತದ ತುದಿಯಲ್ಲಿ ಮತ್ತೊಬ್ಬ ಅದನ್ನು ತಡೆದು ನಿಲ್ಲಿಸುತ್ತಾನೆ. ಮೂರನೆಯವನು ಬಾಗಿ, ಚೆಂಡನ್ನು ಕೋಲಿನ ಮೇಲೆ ಎಳೆದು, ಕವಣೆಯಂತೆ ಬೀಸುತ್ತಾನೆ; ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಚೆಂಡು ಹಾರುತ್ತದೆ. ತಳ್ಳಿದುದರಿಂದ ಬಲೆ ಅಲುಗುವವರೆಗೆ ಎಲ್ಲ ಸೇರಿ ಎರಡು ಸೆಕೆಂಡಿನ ಮಾತು.

ಅಷ್ಟರೊಳಗೆ ನೋಟಕನ ಮೈಯಲ್ಲಿ ಬಹಳ ಕೆಲಸ ನಡೆದುಹೋಗಿರುತ್ತದೆ. ಕಣ್ಣು ಕಂಡ ಅಪಾಯವನ್ನು ಮಿದುಳು ತನ್ನದೆಂದೇ ಎಣಿಸುತ್ತದೆ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ನರಗಳ ಮೂಲಕ ಆಜ್ಞೆ ಕಳುಹಿಸುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಸುತ್ತವೆ. ಹೃದಯ ಬಿರುಸಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ಅಂಗೈ ಬೆವರುತ್ತದೆ. ಹುಲಿ ಎದುರಾದಾಗ ಓಡುವುದಕ್ಕೋ ಕಾದಾಡುವುದಕ್ಕೋ ನಮ್ಮ ಪೂರ್ವಿಕರಿಗೆ ಒದಗಿಬಂದ ಏರ್ಪಾಡು ಇದು. ನಮ್ಮ ಅಭಿಮಾನಿ ಓಡುವಂತಿಲ್ಲ, ಕಾದಾಡುವಂತಿಲ್ಲ, ಕುಳಿತೇ ಇರಬೇಕು. ದೇಹ ಕೂಡಿಟ್ಟ ಶಕ್ತಿಯೆಲ್ಲ ಕೂಗಿನಲ್ಲೋ, ಪಕ್ಕದವನ ತೋಳು ಹಿಂಡುವುದರಲ್ಲೋ ಖರ್ಚಾಗಬೇಕು.

ಇದನ್ನು ಅಳೆದ ಒಂದು ಪ್ರಯೋಗ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹಿಡಿಸೀತು, ಏಕೆಂದರೆ ಅದು ಶಾಲೆಯ ವಿಜ್ಞಾನ ಯೋಜನೆಯಾಗಿ ಆರಂಭವಾಯಿತು. ಕೆನಡ ದೇಶದ ಮಾಂಟ್ರಿಯಲ್ ನಗರದಲ್ಲಿ ಹಾಕಿಯೆಂದರೆ ಹಿಮಗಟ್ಟಿಯ ಮೇಲೆ ಜಾರುತ್ತ ಆಡುವ ಆಟ. ಅಲ್ಲಿಯ ವೃತ್ತಿಪರ ತಂಡಕ್ಕೆ ಊರಿಗೆ ಊರೇ ಅಭಿಮಾನಿ. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಪ್ಪತ್ತು ಮಂದಿ ಆರೋಗ್ಯವಂತ ಅಭಿಮಾನಿಗಳಿಗೆ ಹೃದಯದ ಬಡಿತವನ್ನು ದಾಖಲಿಸುವ ಉಪಕರಣವನ್ನು ಕಟ್ಟಿ ಪಂದ್ಯ ನೋಡಲು ಬಿಟ್ಟರು. ಮನೆಯಲ್ಲಿ ದೂರದರ್ಶನದಲ್ಲಿ ನೋಡಿದವರ ನಾಡಿ ಶೇಕಡ 75ರಷ್ಟು ಏರಿತು. ಕ್ರೀಡಾಂಗಣದಲ್ಲಿ ಕುಳಿತವರದು ಶೇಕಡ 110ರಷ್ಟು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 70 ಬಡಿಯುವ ಹೃದಯವೆಂದಿಟ್ಟುಕೊಂಡರೆ ಮೊದಲನೆಯದು ಸುಮಾರು 122, ಎರಡನೆಯದು 147 ಆಯಿತು. ಬೆಟ್ಟ ಹತ್ತುವವನ ನಾಡಿ ಇದು! ನಾಡಿ ತುದಿ ಮುಟ್ಟುತ್ತಿದ್ದುದು ಗೋಲಿನ ಅವಕಾಶ ಒದಗಿದಾಗ ಮತ್ತು ಹೆಚ್ಚುವರಿ ಅವಧಿಯಲ್ಲಿ. ಅವಕಾಶ ತಮ್ಮವರದಾಗಲಿ ಎದುರಾಳಿಗಳದಾಗಲಿ, ಹೃದಯಕ್ಕೆ ಅದರಲ್ಲಿ ಭೇದವಿರಲಿಲ್ಲ. ಇನ್ನೊಂದು ಮಾತು: ತಾವು ಎಷ್ಟು ದೊಡ್ಡ ಅಭಿಮಾನಿಗಳೆಂದು ಅವರೇ ಕೊಟ್ಟುಕೊಂಡಿದ್ದ ಅಂಕಗಳಿಗೂ ನಾಡಿಯ ಏರಿಕೆಗೂ ಸಂಬಂಧ ಕಾಣಲಿಲ್ಲ. ‘ನನಗೇನು, ಸುಮ್ಮನೆ ನೋಡುತ್ತೇನೆ’ ಎನ್ನುವವನ ಎದೆಯೂ ಅಷ್ಟೇ ಹಾರುತ್ತಿತ್ತು.

ಆರೋಗ್ಯವಂತರಿಗೆ ಇದು ಹೊತ್ತು ಕಳೆಯುವ ರೋಮಾಂಚ. ಎಲ್ಲರಿಗೂ ಹಾಗಲ್ಲ. 2006ರ ವಿಶ್ವಕಪ್ ಫುಟ್‌ಬಾಲ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಪ್ರಾಂತದ ವೈದ್ಯರು ಹೃದಯದ ತುರ್ತು ಪ್ರಕರಣಗಳನ್ನು ಎಣಿಸಿಟ್ಟರು. ಜರ್ಮನಿಯ ತಂಡ ಆಡಿದ ದಿನಗಳಲ್ಲಿ ಅವು ಇತರ ದಿನಗಳ 2.66 ಪಟ್ಟಿಗೆ ಏರಿದ್ದುವು, ಗಂಡಸರಲ್ಲಿ 3.26 ಪಟ್ಟು, ಹೆಂಗಸರಲ್ಲಿ 1.82 ಪಟ್ಟು. ಪಂದ್ಯ ಆರಂಭವಾದ ಮೊದಲ ಎರಡು ಗಂಟೆಗಳೇ ಕೆಟ್ಟ ಗಂಟೆಗಳು. ಮೊದಲೇ ಹೃದ್ರೋಗವಿದ್ದವರಿಗೆ ಪೆಟ್ಟು ಹೆಚ್ಚಾಗಿ ತಟ್ಟಿತು. ನಮ್ಮ ಮನೆಗಳಲ್ಲಿ ಎದೆನೋವಿನ ಔಷಧಿ ತೆಗೆದುಕೊಳ್ಳುವ ಅಜ್ಜಂದಿರು ಪಂದ್ಯ ನೋಡುವುದಾದರೆ ಅಂದಿನ ಗುಳಿಗೆಯನ್ನು ಮರೆಯದಂತೆ ನೋಡಿಕೊಳ್ಳುವುದು ಮೊಮ್ಮಕ್ಕಳ ಕೆಲಸ.

ಪಂದ್ಯ ಮುಗಿದರೂ ದೇಹದ ಕತೆ ಮುಗಿಯುವುದಿಲ್ಲ. 1994ರ ವಿಶ್ವಕಪ್ ಫುಟ್‌ಬಾಲ್ ಅಂತಿಮ ಪಂದ್ಯದಲ್ಲಿ ಬ್ರೆಜಿಲ್ ಇಟಲಿಯನ್ನು ಪೆನಾಲ್ಟಿ ಹೊಡೆತಗಳಿಂದ ಸೋಲಿಸಿತಷ್ಟೆ. ಆ ಪಂದ್ಯವನ್ನು ದೂರದರ್ಶನದಲ್ಲಿ ನೋಡುತ್ತಿದ್ದ ಎರಡೂ ಕಡೆಯ ಗಂಡಸರ ಎಂಜಲನ್ನು ಮೊದಲೂ ಅನಂತರವೂ ಸಂಗ್ರಹಿಸಿ ಪರೀಕ್ಷಿಸಿದರು. ಟೆಸ್ಟಾಸ್ಟಿರೋನ್ ಎಂಬ ಹಾರ್ಮೋನು ಬ್ರೆಜಿಲಿನ ಅಭಿಮಾನಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಹೆಚ್ಚಿತ್ತು. ಇಟಲಿಯವರಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಜಗಳದಲ್ಲಿ ಗೆದ್ದ ಹೋತಕ್ಕೂ ಸೋತ ಹೋತಕ್ಕೂ ಆಗಬೇಕಾದುದು ಇಲ್ಲಿ ಕುರ್ಚಿಯಲ್ಲಿ ಕುಳಿತವರಿಗೆ ಆಗಿತ್ತು.

ಡಬ್ಬಿಯೊಳಗಿನ ಹತ್ತು ಚೀಟಿ

ಇಷ್ಟೆಲ್ಲ ಕೋಲಾಹಲಕ್ಕೆ ಕಾರಣವಾದ ಗೆಲುವು ಸೋಲುಗಳಾದರೂ ಎಂಥವು? ಅಭಿಮಾನಿಯನ್ನು ಕೇಳಿದರೆ ಪ್ರತಿಯೊಂದು ಸೋಲಿಗೂ ಕಾರಣ ಹೇಳುತ್ತಾನೆ: ನಾಯಕ ಸರಿಯಿಲ್ಲ, ತರಬೇತುದಾರನಿಗೆ ತಿಳಿವಳಿಕೆಯಿಲ್ಲ, ಹುಡುಗರಿಗೆ ಸೊಕ್ಕು ಬಂದಿದೆ. ಪತ್ರಿಕೆಗಳವರೂ ಅದನ್ನೇ ಹೇಳುತ್ತಾರೆ. ಇಲ್ಲಿ ಗಣಿತದ ಮಾತನ್ನು ಸ್ವಲ್ಪ ಕೇಳುವುದು ಲೇಸು.

ಹತ್ತು ಚೀಟಿಗಳನ್ನು ತೆಗೆದುಕೊಳ್ಳಿ. ಆರರ ಮೇಲೆ ‘ಗೆಲುವು’ ಎಂದೂ ನಾಲ್ಕರ ಮೇಲೆ ‘ಸೋಲು’ ಎಂದೂ ಬರೆದು ಡಬ್ಬಿಯೊಂದಕ್ಕೆ ಹಾಕಿ. ಇದು ನಿಮ್ಮ ತಂಡ. ಎದುರಾಳಿಗಳಿಗಿಂತ ಉತ್ತಮ ತಂಡವೇ. ಕಣ್ಣು ಮುಚ್ಚಿ ಒಂದು ಚೀಟಿ ತೆಗೆಯಿರಿ, ಬರೆದುಕೊಳ್ಳಿ, ಮತ್ತೆ ಒಳಗೆ ಹಾಕಿ ಕುಲುಕಿ. ಹೀಗೆ ಹತ್ತು ಸಲ ತೆಗೆದರೆ ಹತ್ತು ಪಂದ್ಯಗಳ ಒಂದು ಋತು ಮುಗಿಯಿತು. ತಂಡದ ಸಾಮರ್ಥ್ಯ ಮೊದಲ ಪಂದ್ಯದಿಂದ ಕೊನೆಯ ಪಂದ್ಯದವರೆಗೆ ಎಳ್ಳಷ್ಟೂ ಬದಲಾಗಿಲ್ಲವೆಂಬುದನ್ನು ನೆನಪಿಡಿ. ಆದರೂ ಇಂಥ ನೂರು ಋತುಗಳಲ್ಲಿ ಸುಮಾರು 31ರಲ್ಲಿ ಎಲ್ಲಾದರೊಂದು ಕಡೆ ಸತತ ಮೂರು ಅಥವಾ ಹೆಚ್ಚು ಸೋಲುಗಳು ಕಾಣಿಸಿಕೊಳ್ಳುತ್ತವೆ. ಸುಮಾರು 37ರಲ್ಲಿ ಈ ಉತ್ತಮ ತಂಡ ಐದು ಪಂದ್ಯಗಳಿಗಿಂತ ಹೆಚ್ಚು ಗೆಲ್ಲುವುದೇ ಇಲ್ಲ. ಸತತ ಮೂರು ಸೋಲು ಕಂಡ ತಂಡದ ತರಬೇತುದಾರನ ಗತಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಆತನನ್ನು ಕಳುಹಿಸಿದ ಮೇಲೆ ತಂಡ ಗೆಲ್ಲತೊಡಗುತ್ತದೆ. ಡಬ್ಬಿಯಲ್ಲಿ ಆರು ಗೆಲುವಿನ ಚೀಟಿಗಳಿರುವಾಗ ಗೆಲ್ಲದೆ ಏನು ಮಾಡೀತು? ಯಶಸ್ಸು ಮಾತ್ರ ಹೊಸಬನ ಪಾಲಿಗೆ ಹೋಗುತ್ತದೆ.

ಹಾಕಿಯಂಥ ಆಟದಲ್ಲಿ ಅದೃಷ್ಟದ ಕೈ ದೊಡ್ಡದಾಗಿರುವುದಕ್ಕೆ ಗೋಲುಗಳು ವಿರಳವೆಂಬುದೇ ಕಾರಣ. ಒಂದು ತಂಡ ಸರಾಸರಿ ಮೂರು ಗೋಲು ಹೊಡೆಯುವಂಥದು, ಇನ್ನೊಂದು ಎರಡು ಹೊಡೆಯುವಂಥದು ಎಂದುಕೊಳ್ಳೋಣ. ಗೋಲುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಆಕಸ್ಮಿಕವಾಗಿ ಬೀಳುತ್ತವೆಂದು ಊಹಿಸಿ, ಫ್ರಾನ್ಸಿನ ಗಣಿತಜ್ಞ ಪ್ವಾಸ್ಸಾನ್ ಹೇಳಿಕೊಟ್ಟ ಸೂತ್ರದಿಂದ ಲೆಕ್ಕ ಹಾಕಿದರೆ, ಮೊದಲನೆಯ ತಂಡ ನೂರು ಪಂದ್ಯಗಳಲ್ಲಿ ಸುಮಾರು 58 ಗೆಲ್ಲುತ್ತದೆ, 17 ಸಮವಾಗುತ್ತವೆ, ಉಳಿದ 25 ಸೋಲುತ್ತದೆ. ಒಂದೂವರೆ ಪಟ್ಟು ಬಲವಿದ್ದೂ ನಾಲ್ಕರಲ್ಲಿ ಒಂದು ಸೋಲು! ಕಬಡ್ಡಿಯಲ್ಲೋ ಬ್ಯಾಸ್ಕೆಟ್‌ಬಾಲಿನಲ್ಲೋ ಅಂಕಗಳು ಹತ್ತಾರು ಬರುವುದರಿಂದ ಒಂದು ಕಡೆಯ ಆಕಸ್ಮಿಕವನ್ನು ಇನ್ನೊಂದು ಕಡೆಯದು ಬಹುಮಟ್ಟಿಗೆ ತೊಡೆದುಹಾಕುತ್ತದೆ. 2016ರಲ್ಲಿ ಹಾಕಿ ಇಂಡಿಯಾ ಲೀಗಿನವರು ಆಟಕ್ಕೆ ರಂಗು ತರಲೆಂದು, ಪೆನಾಲ್ಟಿಯಿಂದಲ್ಲದೆ ಆಟದ ನಡುವೆ ಹೊಡೆದ ಗೋಲೊಂದನ್ನು ಎರಡೆಂದು ಎಣಿಸುವ ನಿಯಮ ಮಾಡಿದರು. ಒಂದೇ ತಪ್ಪಿಗೆ ಎರಡು ಗೋಲಿನ ದಂಡ! ಬುಗುರಿಯಾಡುವ ಅದೃಷ್ಟಕ್ಕೆ ಇನ್ನೊಂದು ಚಾಟಿ ಕೊಟ್ಟಂತೆ ಆಯಿತೆಂದು ನಮಗೆ ತೋರುತ್ತದೆ.

ಅಭ್ಯಾಸವೂ ಚಾತುರ್ಯವೂ ವ್ಯರ್ಥವೆಂದು ಇದರ ಅರ್ಥವಲ್ಲ. ಚೀಟಿಗಳು ಆರೋ ನಾಲ್ಕೋ ಎಂಬುದನ್ನು ನಿರ್ಧರಿಸುವುದು ಅವೇ. ಯಾವ ದಿನ ಯಾವ ಚೀಟಿ ಕೈಗೆ ಬರುತ್ತದೆಂಬುದು ಮಾತ್ರ ಅವುಗಳ ಹಿಡಿತದಲ್ಲಿಲ್ಲ.

ಅಭಿಮಾನಿ ಇದನ್ನು ಒಪ್ಪುವವನಲ್ಲ. ಕಳೆದ ಸಲ ಗೆದ್ದಾಗ ಯಾವ ಅಂಗಿ ತೊಟ್ಟಿದ್ದನೋ ಅದನ್ನೇ ತೊಡುತ್ತಾನೆ. ಗೋಲು ಬಿದ್ದಾಗ ಹೊಸಿಲ ಮೇಲೆ ನಿಂತಿದ್ದ ತಮ್ಮನನ್ನು ಪಂದ್ಯ ಮುಗಿಯುವವರೆಗೆ ಅಲ್ಲಿಂದ ಕದಲಗೊಡುವುದಿಲ್ಲ. 1948ರಲ್ಲಿ ಅಮೆರಿಕದ ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಹಸಿದ ಪಾರಿವಾಳಗಳನ್ನು ಪೆಟ್ಟಿಗೆಗಳಲ್ಲಿಟ್ಟು, ಅವು ಏನೇ ಮಾಡಲಿ ಬಿಡಲಿ, ನಿಯತ ಅವಧಿಗೊಮ್ಮೆ ಕಾಳು ಬೀಳುವಂತೆ ಮಾಡಿದ. ಕಾಳು ಬಿದ್ದಾಗ ಏನು ಮಾಡುತ್ತಿತ್ತೋ ಅದನ್ನೇ ಹಕ್ಕಿ ಮತ್ತೆ ಮತ್ತೆ ಮಾಡತೊಡಗಿತು. ಒಂದು ಸುತ್ತು ತಿರುಗಿತು, ಇನ್ನೊಂದು ಮೂಲೆಗೆ ತಲೆ ಚಾಚಿತು. ಹೊಸಿಲ ಮೇಲೆ ನಿಂತ ತಮ್ಮನಿಗೂ ಈ ಹಕ್ಕಿಗಳಿಗೂ ಬಹಳ ದೂರವಿಲ್ಲ.

ತಾಳೆಯಾಗದ ಲೆಕ್ಕ

ಗೆಲುವು ಆಕಸ್ಮಿಕವಾದರೂ ಅಭಿಮಾನಿ ಅದನ್ನು ತನ್ನದಾಗಿ ಮಾಡಿಕೊಳ್ಳುವ ರೀತಿ ಆಕಸ್ಮಿಕವಲ್ಲ. 1976ರಲ್ಲಿ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಂಗಡಿಗರು ಅಮೆರಿಕದ ಏಳು ವಿಶ್ವವಿದ್ಯಾನಿಲಯಗಳಲ್ಲಿ ತಾವು ನಡೆಸಿದ್ದ ಒಂದು ಸರಳ ಎಣಿಕೆಯನ್ನು ಪ್ರಕಟಿಸಿದರು. ವಾರಾಂತ್ಯದಲ್ಲಿ ತಮ್ಮ ತಂಡ ಗೆದ್ದಿದ್ದರೆ ಸೋಮವಾರ ತರಗತಿಗೆ ವಿಶ್ವವಿದ್ಯಾನಿಲಯದ ಹೆಸರುಳ್ಳ ಅಂಗಿ ತೊಟ್ಟು ಬರುವ ವಿದ್ಯಾರ್ಥಿಗಳು ಹೆಚ್ಚು. ಮುಂದೆ ದೂರವಾಣಿಯಲ್ಲಿ ಪಂದ್ಯದ ಫಲಿತಾಂಶ ಕೇಳಿದಾಗ, ಗೆಲುವನ್ನು ಹೇಳುವವರು ‘ನಾವು ಗೆದ್ದೆವು’ ಎನ್ನುವುದು ಹೆಚ್ಚಾಗಿತ್ತು; ಸೋಲನ್ನು ಹೇಳುವಾಗ ಆ ‘ನಾವು’ ಕಡಿಮೆಯಾಗಿ ‘ಅವರು ಸೋತರು’ ಎಂಬುದು ನುಸುಳುತ್ತಿತ್ತು. ಬಂಗಾರಪೇಟೆಯ ಚಹದ ಅಂಗಡಿಯಲ್ಲಿ ನಿಂತವರಿಗೆ ಇದು ಹೊಸ ಸುದ್ದಿಯೇನಲ್ಲ.

ಆದರೆ ಇದು ಎಲ್ಲರಿಗೂ ಒದಗುವ ಉಪಾಯವಲ್ಲ. ಸೋಲನ್ನು ‘ಅವರ’ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ನಿಷ್ಠಾವಂತನಿಂದಾಗದು. 1992ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ತಮ್ಮ ತಂಡ ಸೋತುದನ್ನು ನೋಡಿದ ಕಟ್ಟಾ ಅಭಿಮಾನಿಗಳಿಗೆ ಆಟಕ್ಕೆ ಸಂಬಂಧವೇ ಇಲ್ಲದ ಕೆಲಸಗಳನ್ನು ಕೊಟ್ಟು ‘ಇದರಲ್ಲಿ ನೀವೆಷ್ಟು ಚೆನ್ನಾಗಿ ಮಾಡಬಲ್ಲಿರಿ?’ ಎಂದು ಕೇಳಿದರು. ಗೆಲುವು ನೋಡಿದವರಿಗಿಂತ ಇವರು ತಮ್ಮನ್ನು ಕೀಳಾಗಿ ಅಳೆದುಕೊಂಡರು. ಪರೀಕ್ಷೆಯ ಹಿಂದಿನ ರಾತ್ರಿ ಪಂದ್ಯ ನೋಡುವ ವಿದ್ಯಾರ್ಥಿಗಳು ಇದನ್ನು ಗಮನಿಸುವುದು ಒಳ್ಳೆಯದು.

ಈಗ ಲೆಕ್ಕ ಕೂಡಿಸೋಣ. 2018ರಲ್ಲಿ ಬ್ರಿಟನ್ನಿನ ಇಬ್ಬರು ಅರ್ಥಶಾಸ್ತ್ರಜ್ಞರು ಸಾವಿರಾರು ಜನ ತಮ್ಮ ಫೋನುಗಳಲ್ಲಿ ಆಗಾಗ ದಾಖಲಿಸಿದ್ದ ಮನಃಸ್ಥಿತಿಯನ್ನು ಫುಟ್‌ಬಾಲ್ ಫಲಿತಾಂಶಗಳೊಡನೆ ಹೋಲಿಸಿದರು. ಪಂದ್ಯದ ಬಳಿಕ ಗೆಲುವು ತರುವ ಸಂತೋಷಕ್ಕಿಂತ ಸೋಲು ತರುವ ದುಃಖ ಸುಮಾರು ಎರಡರಷ್ಟಿತ್ತು. ಗೆಲುವಿಗೆ ಒಂದು ಅಂಕ ಜಮಾ, ಸೋಲಿಗೆ ಎರಡು ಅಂಕ ಖರ್ಚು ಎಂದು ಬರೆದರೆ, ನಮ್ಮ ಡಬ್ಬಿಯ ಉತ್ತಮ ತಂಡ ಹತ್ತು ಪಂದ್ಯಗಳಲ್ಲಿ ಆರು ಗೆದ್ದು ನಾಲ್ಕು ಸೋತಾಗ ಅಭಿಮಾನಿಗೆ ಆರು ಜಮಾ, ಎಂಟು ಖರ್ಚು. ನಷ್ಟವಿಲ್ಲದೆ ಉಳಿಯಬೇಕಾದರೂ ತಂಡ ಮೂರರಲ್ಲಿ ಎರಡು ಪಂದ್ಯ ಗೆಲ್ಲಬೇಕು. ಎಲ್ಲ ತಂಡಗಳೂ ಹಾಗೆ ಗೆಲ್ಲುವುದು ಸಾಧ್ಯವೇ ಇಲ್ಲ, ಒಬ್ಬರ ಗೆಲುವು ಇನ್ನೊಬ್ಬರ ಸೋಲಲ್ಲವೆ? ಅಂದರೆ ಜಗತ್ತಿನ ಅಭಿಮಾನಿಗಳೆಲ್ಲ ಸೇರಿ ಸದಾ ನಷ್ಟದ ವ್ಯಾಪಾರ ನಡೆಸುತ್ತಿದ್ದಾರೆ. ಯಾವ ಅಂಗಡಿಯವನೂ ಇಂಥ ಖಾತೆಯನ್ನು ಎರಡನೆಯ ವರ್ಷಕ್ಕೆ ಮುಂದುವರಿಸನು.

ಮುಂದುವರಿಸುತ್ತಾರೆಂದ ಮೇಲೆ ಖಾತೆಯಲ್ಲಿ ಬರೆಯದ ಜಮಾ ಒಂದು ಇರಲೇಬೇಕು. ಅಮೆರಿಕದ ಡೇನಿಯಲ್ ವಾನ್ ಎಂಬ ಮನಶ್ಶಾಸ್ತ್ರಜ್ಞರು ಹಲವು ವರ್ಷಗಳ ಅಧ್ಯಯನಗಳಿಂದ ತೋರಿಸಿದುದು ಇದನ್ನೇ. ತಮ್ಮೂರಿನ ತಂಡವನ್ನು ಗಾಢವಾಗಿ ಹಚ್ಚಿಕೊಂಡವರಲ್ಲಿ ಒಂಟಿತನ ಕಡಿಮೆ, ಸಮಾಜದೊಡನೆ ನಂಟು ಹೆಚ್ಚು. ದೂರದ ತಂಡಕ್ಕೆ ಮನಸೋತವರಲ್ಲಿ ಈ ಲಾಭ ಅಷ್ಟಾಗಿ ಕಾಣದು. ಲಾಭ ಬರುವುದು ಗೋಲಿನಿಂದಲ್ಲ, ಗೋಲು ಬಿದ್ದಾಗ ತಿರುಗಿ ನೋಡಿದರೆ ಪಕ್ಕದಲ್ಲಿರುವ ಮುಖದಿಂದ. ಸೋತ ಮರುದಿನ ಬೆಳಗ್ಗೆ ರೈಲಿನಲ್ಲಿ ಬೈದುಕೊಳ್ಳಲು ಜೊತೆ ಸಿಕ್ಕುತ್ತದಲ್ಲ, ಅದೂ ಜಮಾ ಕಡೆಗೇ ಸೇರುತ್ತದೆ.

ಕನ್ನಡ ನಾಡಿನಲ್ಲಿ ಇದರ ಅತ್ಯಂತ ಗಟ್ಟಿಯಾದ ಉದಾಹರಣೆ ಕೊಡಗು. ಅಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ 60 ಕುಟುಂಬಗಳು ಆಡಿದುವು; 2024ರಲ್ಲಿ 360 ತಂಡಗಳು ಹೆಸರು ಕೊಟ್ಟುವು. ಅಲ್ಲಿ ತಂಡದ ಹೆಸರೇ ಮನೆತನದ ಹೆಸರು. ಅಣ್ಣ ಗೋಲು ಬಿಟ್ಟರೆ ‘ಅವರು ಸೋತರು’ ಎನ್ನಲು ತಂಗಿಗೆ ಬಾಯಿ ಬಂದೀತೆ? ಆ ತಂಡವನ್ನು ಯಾರೂ ಮಾರುವಂತಿಲ್ಲ, ಮುಚ್ಚುವಂತಿಲ್ಲ.

ಬೂದಿಕೋಟೆಯ ಅಭಿಮಾನಿಯ ಭಾಗ್ಯ ಬೇರೆ. 2008ರ ನಂತರ ಪ್ರೀಮಿಯರ್ ಹಾಕಿ ಲೀಗ್ ನಡೆಯಲೇ ಇಲ್ಲ. ಅದರೊಡನೆ ಬೆಂಗಳೂರಿನ ತಂಡವೂ ಹೋಯಿತು. ಆ ವರ್ಷವೇ ಭಾರತದ ತಂಡ ಬೀಜಿಂಗ್ ಒಲಿಂಪಿಕ್ಸಿಗೆ ಅರ್ಹತೆ ಪಡೆಯದೆ ಉಳಿಯಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಎಂಬ ಹೊಸ ಪಂದ್ಯಾವಳಿ ಬಂದು, ಅರ್ಜುನ್ ಹಾಲಪ್ಪ ನಾಯಕರಾಗಿದ್ದ ಕರ್ನಾಟಕ ಲಯನ್ಸ್ ತಂಡ ಮೈದಾನಕ್ಕಿಳಿಯಿತು. ಆ ಪಂದ್ಯಾವಳಿ ನಡೆದುದು ಒಂದೇ ಋತು. 2013ರಿಂದ 2017ರವರೆಗೆ ಹಾಕಿ ಇಂಡಿಯಾ ಲೀಗ್ ನಡೆಯಿತು. ಅದರಲ್ಲಿ ಕರ್ನಾಟಕದ ತಂಡವಿರಲಿಲ್ಲ. ಅದರಲ್ಲಿದ್ದವರಾದರೂ ನೆಮ್ಮದಿಯಾಗಿದ್ದರೆ? 2013ರಲ್ಲಿ ಪ್ರಶಸ್ತಿ ಗೆದ್ದ ರಾಂಚಿ ರೈನೋಸ್ ತಂಡ ಮರುವರ್ಷದ ಬಳಿಕ ಉಳಿಯಲಿಲ್ಲ. ಅದೇ ಊರಿಗೆ ರಾಂಚಿ ರೇಸ್ ಎಂಬ ಬೇರೆ ತಂಡ ಬಂದಿತು. 2024ರ ಕೊನೆಯಲ್ಲಿ ಆ ಲೀಗ್ ಪುನರಾರಂಭವಾದಾಗ ಪುರುಷರ ಎಂಟು ತಂಡಗಳಲ್ಲಿ ಹೈದರಾಬಾದಿನದೊಂದು, ತಮಿಳುನಾಡಿನದೊಂದು ಇದ್ದುವು, ಬೆಂಗಳೂರಿನದಿರಲಿಲ್ಲ. ಬೂದಿಕೋಟೆಯಿಂದ ತಮಿಳುನಾಡಿನ ಗಡಿಯೂ ಆಂಧ್ರದ ಗಡಿಯೂ ದೂರವಲ್ಲ. ಬೇಕೆಂದರೆ ನಮ್ಮವನು ಆ ಕಡೆಗೋ ಈ ಕಡೆಗೋ ಕೂಗಬಹುದು. ಗಣಿಯೂರಿನ ಬಹುಪಾಲು ಮನೆಮಾತು ತಮಿಳಾಗಿರುವುದರಿಂದ ಗೆಳೆಯರಿಗೆ ಅದು ಅಷ್ಟು ಕಷ್ಟವೂ ಅಲ್ಲ.

ಚಾಲ್ಡೀನಿಯವರ ಎಣಿಕೆಯಲ್ಲಿ ಗೆಲುವಿಗೊಂದು ಪದವಿತ್ತು, ಸೋಲಿಗೊಂದು ಪದವಿತ್ತು. ತಂಡವೇ ಇಲ್ಲವಾದಾಗ ಬಳಸಬೇಕಾದ ಪದ ಅವರ ಪಟ್ಟಿಯಲ್ಲಿಲ್ಲ. ಲೀಗ್ ಕಟ್ಟುವವರು ಆಟಗಾರರಿಗೆ ಬೆಲೆ ಕಟ್ಟುತ್ತಾರೆ, ಜಾಹೀರಾತಿನ ನಿಮಿಷಗಳಿಗೆ ಬೆಲೆ ಕಟ್ಟುತ್ತಾರೆ. ಒಂದು ತಂಡವನ್ನು ಒಂದೇ ಊರಿನಲ್ಲಿ ಹತ್ತು ವರ್ಷ ಉಳಿಸಿದರೆ ಆ ಊರಿನವರಿಗಾಗುವ ಲಾಭ ಅವರ ಪುಸ್ತಕದಲ್ಲಿ ಯಾವ ಕಲಮಿಗೆ ಬರುತ್ತದೆಂದು ನಾವು ಕೇಳಬೇಕಾಗಿದೆ.

ಇಲ್ಲಿ ಹೇಳಿದುದನ್ನು ನಂಬಿಕೆಯ ಮೇಲೆ ಒಪ್ಪಬೇಕಾದುದಿಲ್ಲ. ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಮುಂದಿನ ಪಂದ್ಯದ ದಿನ, ಆಟ ಆರಂಭವಾಗುವುದಕ್ಕೆ ಹತ್ತು ನಿಮಿಷ ಮೊದಲು ಮನೆಯವರೆಲ್ಲರ ಮಣಿಕಟ್ಟಿನ ನಾಡಿಯನ್ನು ಅರ್ಧ ನಿಮಿಷ ಎಣಿಸಿ ಇಮ್ಮಡಿಸಿ ಬರೆದುಕೊಳ್ಳಿ. ಮತ್ತೆ ಪೆನಾಲ್ಟಿ ಕಾರ್ನರ್ ಸಿಕ್ಕೊಡನೆ ಕೈ ಹಿಡಿಯಿರಿ, ಬೈಸಿಕೊಳ್ಳಲು ಸಿದ್ಧರಾಗಿರಿ. ಮರುದಿನ ಬಂಗಾರಪೇಟೆಗೋ ಮಾರಿಕುಪ್ಪಕ್ಕೋ ಹೋಗುವ ರೈಲಿನಲ್ಲಿ, ಬಸ್ಸಿನಲ್ಲಿ, ಶಾಲೆಯ ಜಗಲಿಯಲ್ಲಿ ಪಂದ್ಯದ ಮಾತು ಬಂದಾಗ ಸುಮ್ಮನೆ ಕುಳಿತು, ‘ನಾವು’ ಎಷ್ಟು ಸಲ ಬಂದಿತು, ‘ಅವರು’ ಎಷ್ಟು ಸಲ ಬಂದಿತು ಎಂದು ಗೀಟು ಹಾಕುತ್ತ ಹೋಗಿ. ನಿಮ್ಮ ಉದ್ದೇಶವನ್ನು ಯಾರಿಗೂ ಹೇಳಬೇಡಿ, ಹೇಳಿದರೆ ಎಣಿಕೆ ಕೆಡುತ್ತದೆ. ಗೆದ್ದ ದಿನಗಳಿಗೊಂದು ಹಾಳೆ, ಸೋತ ದಿನಗಳಿಗೊಂದು ಹಾಳೆ ಇರಲಿ. ಒಂದೆರಡು ಪಂದ್ಯಗಳಿಂದ ನಿರ್ಣಯಕ್ಕೆ ಬರಬಾರದು. ಇಪ್ಪತ್ತು ಪಂದ್ಯಗಳಾದರೂ ಆಗಬೇಕು.